ಸುಣ್ಣದ ಡಬ್ಬಿಯೊಳಗಿನ ಕೆಂಪು

ನಮ್ಮ ಮನೆಯವರ ಎಲೆ ಅಡಿಕೆ ತಟ್ಟೆಯಲ್ಲಿ ಹಿತ್ತಾಳೆಯ ಒಂದು ಪುಟ್ಟ ಸುಣ್ಣದ ಡಬ್ಬಿ ಇದೆ. ನಮ್ಮ ಮಾವನವರ ಕಾಲದ್ದು. ಮುಚ್ಚಳ ತಿರುಗಿಸಿದರೆ ನಿದ್ದೆಯಲ್ಲಿ ಹಲ್ಲು ಕಡಿದ ಹಾಗೆ ಸದ್ದು ಮಾಡುತ್ತದೆ. ಅದರೊಳಗೆ ಮೊನ್ನೆ ಮೊನ್ನೆಯವರೆಗೂ ಬರೀ ಬಿಳಿ ಸುಣ್ಣ ಇತ್ತು. ಈಗ ಒಂದು ಅಂಚು ಕೆಂಪಗಾಗಿದೆ. ಅರಿಶಿನ ಮೆತ್ತಿದ ಬೆರಳನ್ನು ಸುಣ್ಣಕ್ಕೆ ಅದ್ದಿದರೆ ಇನ್ನೇನಾದೀತು.

"ಅದನ್ನ ಕೆರೆದು ತೊಳೆದು ಹೊಸ ಸುಣ್ಣ ತುಂಬಬಾರದೇನೇ?" ಎಂದು ಇವರು ಒಂದು ಸಲ ಕೇಳಿದರು. "ನಾಳೆ ಮಾಡ್ತೀನಿ" ಅಂದೆ. ಆ ನಾಳೆ ಇನ್ನೂ ಬಂದಿಲ್ಲ. ಇವರೂ ಮತ್ತೆ ಕೇಳಿಲ್ಲ.

ಆ ಬೆರಳು ಯಾರದು ಎಂದು ಹೇಳಬೇಕಾದರೆ ಹಡಗಿನ ಸುದ್ದಿ ಹೇಳಬೇಕು. ಹಡಗಿನ ಸುದ್ದಿಗೆ ಮೊದಲು, ನಾವಿಬ್ಬರೂ ಮಕ್ಕಳನ್ನು ಕಂಡರೆ ದಾರಿ ಬದಲಿಸುವ ಜನ ಎಂಬುದನ್ನು ಹೇಳಬೇಕು.

ನಮಗೆ ಮಕ್ಕಳಿಲ್ಲ. ಇದನ್ನು ಇಷ್ಟೇ ಇಷ್ಟರಲ್ಲಿ ಹೇಳಿ ಮುಗಿಸುವುದನ್ನು ಕಲಿಯಲು ನನಗೆ ಬಹಳ ವರ್ಷ ಹಿಡಿಯಿತು. ಮೊದಮೊದಲು ಇದಕ್ಕೆ ಹಿಂದೊಂದು ಡಾಕ್ಟರು, ಮುಂದೊಂದು ಹರಕೆ ಸೇರಿಸಿ ಉದ್ದ ಮಾಡುತ್ತಿದ್ದೆ. ಕೇಳಿದವರು ಇನ್ನೊಬ್ಬ ಡಾಕ್ಟರನ್ನೋ ಇನ್ನೊಂದು ದೇವಸ್ಥಾನವನ್ನೋ ಹೇಳಿ ಕಳಿಸುತ್ತಿದ್ದರು. ಅದೆಲ್ಲ ಮುಗಿದ ಮೇಲೆ ನಾವು ಒಂದು ವಿದ್ಯೆ ಕಲಿತೆವು. ಮದುವೆ ಮನೆಗೆ ಹೋದರೆ ಬೇರೆಯವರು ಫ್ಯಾನು ಎಲ್ಲಿದೆ ಎಂದು ನೋಡಿ ಕೂರುತ್ತಾರೆ. ನಾನು ಬಲೂನು ಎಲ್ಲಿದೆ ಎಂದು ನೋಡಿ, ಅದರಿಂದ ದೂರ ಕೂರುತ್ತೇನೆ. ಬಲೂನು ಇದ್ದಲ್ಲಿ ಮಕ್ಕಳು, ಮಕ್ಕಳಿದ್ದಲ್ಲಿ ಅವರ ಅಜ್ಜಿಯರು, ಅಜ್ಜಿಯರಿದ್ದಲ್ಲಿ "ನಿಮಗೆಷ್ಟು ಮಕ್ಕಳು?" ಬೆಸೆಂಟ್ ನಗರದ ಬೀಚಿಗೂ ನಾವು ಬೆಳಗಿನ ಹೊತ್ತೇ ಹೋಗುವುದು, ಬರೀ ಸಕ್ಕರೆ ಕಾಯಿಲೆಯವರು ನಡೆಯುವಾಗ. ಸಂಜೆ ಗಾಳಿಪಟ, ಬಜ್ಜಿ, ಮಕ್ಕಳು ಎಲ್ಲ ಬರುವ ಹೊತ್ತಿಗೆ ನಾವು ವೆಸ್ಟ್ ಮಾಂಬಲಂನ ಮನೆಯಲ್ಲಿ ದೀಪ ಹಚ್ಚಿ ಕೂತಿರುತ್ತೇವೆ.

ಕಟ್ಟಡದ ಮಕ್ಕಳಿಗೂ ಇದು ಗೊತ್ತು. ಅವರ ಚೆಂಡು ನಮ್ಮ ಬಾಲ್ಕನಿಗೆ ಬಿದ್ದರೆ ಯಾರೂ ಮೇಲೆ ಬಂದು ಬೆಲ್ ಒತ್ತುವುದಿಲ್ಲ. ಕೆಳಗೆ ನಿಂತು ತಲೆಯೆತ್ತಿ ಕಾಯುತ್ತಾರೆ. ಇವರು ಹೋಗಿ ಎಸೆಯುತ್ತಾರೆ. ಎಸೆದು ಬಂದು ಬಹಳ ಹೊತ್ತು ಪೇಪರಿನ ಹಾಳೆ ಮಗುಚುವುದಿಲ್ಲ. ಅದನ್ನು ನಾನು ಗಮನಿಸಿರಲಿಲ್ಲ ಎಂದರೆ ಸುಳ್ಳಾದೀತು. ಗಮನಿಸಿ ಒಲೆಯ ಕಡೆ ತಿರುಗುತ್ತಿದ್ದೆ.

ಇವರು ವಿಮಾ ಕಚೇರಿಯಿಂದ ನಿವೃತ್ತರಾದ ಮೇಲೆ ಹಡಗಿನ ಹುಚ್ಚು ಹಿಡಿಯಿತು. ಚೆನ್ನೈ ಬಂದರಿನಿಂದ ಹೊರಟು ಸಮುದ್ರದ ಮಧ್ಯೆ ಸುತ್ತಿಸಿ ಮತ್ತೆ ತಂದು ಬಿಡುವ ಹಡಗು. ನಾನು ರಾಮೇಶ್ವರ ಅಂದೆ.

"ಅದೂ ಸಮುದ್ರ, ಇದೂ ಸಮುದ್ರ. ರಾಮೇಶ್ವರದಲ್ಲಿ ಬಾವಿ ಬಾವಿಗೂ ನಿಂತು ನೆನೀಬೇಕು, ಇಲ್ಲಿ ಒಣಗಿದ ಬಟ್ಟೇಲಿ ಹೋಗಿ ಒಣಗಿದ ಬಟ್ಟೇಲಿ ಬರಬಹುದು" ಅಂದರು.

"ಅಲ್ಲಿ ಮಕ್ಕಳು ಮರಿ ತುಂಬಿರಲ್ವೇ?"

"ಶಾಲೆ ಪರೀಕ್ಷೆ ನಡೆಯೋವಾಗ ಹೋಗೋಣ. ಒಂದು ಮಗೂನೂ ಇರಲ್ಲ" ಅಂದರು. ಎಷ್ಟು ಜೋರಾಗಿ ಹೇಳಿದರು ಎಂದರೆ, ಈ ಬುದ್ಧಿವಂತಿಕೆ ನನಗೆ ಹೊಳೆಯಲಿಲ್ಲವಲ್ಲ ಎಂದು ನನಗೇ ನಾಚಿಕೆಯಾಯಿತು. ಶಾಲೆಗೆ ಸೇರದ ಮಕ್ಕಳೂ ಲೋಕದಲ್ಲಿರುತ್ತಾರೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಮಕ್ಕಳಿಲ್ಲದವರ ಲೆಕ್ಕಾಚಾರ ಹಾಗೆಯೇ.

ಬಂದರಿನಲ್ಲಿ ನಮ್ಮ ಚೀಲವನ್ನು ಯಂತ್ರದೊಳಗೆ ತೂರಿಸಿದ ಕಾವಲಿನವನು ಅಡಕತ್ತರಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದು ಎನ್ನ ಸಾರ್, ಕತ್ತಿಯಾ?" ಎಂದ. "ಪಾಕ್ಕುವೆಟ್ಟಿ ಪಾ, ಅಡಿಕೆ ಕತ್ತರಿಸೋದು" ಎಂದು ಇವರು ಎರಡೂ ಭಾಷೆಯಲ್ಲಿ ಹೇಳಿದರು. ಅವನಿಗೆ ಯಾವ ಭಾಷೆಯಲ್ಲೂ ನಂಬಿಕೆ ಬರಲಿಲ್ಲ. ಅಡಕತ್ತರಿಗೆ ಚೀಟಿ ಕಟ್ಟಿ ಇರಿಸಿಕೊಂಡ. ಸುಣ್ಣದ ಡಬ್ಬಿಯನ್ನು ಮಾತ್ರ ಮೂಸಿ ನೋಡಿ, ಸೀನಿ, ವಾಪಸು ಕೊಟ್ಟ. ನಾನು ಮನಸ್ಸಿನಲ್ಲೇ ವೆಂಕಟರಮಣನಿಗೆ ಕೈಮುಗಿದೆ. ಸಂಜೆ ದೀಪದ ಮುಂದೆ ಆ ದಿನದ ಸಣ್ಣ ಸಣ್ಣ ಉಪಕಾರಗಳನ್ನು ದೇವರಿಗೆ ನೆನಪಿಸಿ ಹೇಳುವುದು ನನ್ನ ಪದ್ಧತಿ. ನೀರು ಬಂತು, ಹಾಲು ಒಡೆಯಲಿಲ್ಲ, ಮೊಣಕಾಲು ಮೆಟ್ಟಿಲು ಹತ್ತಿತು, ಹೀಗೆ. ಅವತ್ತು ಸುಣ್ಣ ಉಳಿಯಿತು ಎಂದು ಸೇರಿಸಿಕೊಂಡೆ. ಹಡಗಿನಲ್ಲಿ ಬೆಂಕಿಕಡ್ಡಿ ಗೀರುವ ಹಾಗಿಲ್ಲ, ಅದಕ್ಕೇ ಸೆಲ್ ಹಾಕಿದ ಒಂದು ಪುಟ್ಟ ದೀಪ ತಂದಿದ್ದೆ. ಗುಂಡಿ ಒತ್ತಿ ದೇವರಿಗೆ ದೀಪ ಹಚ್ಚುವಾಗ ಮಾತ್ರ ಟಾರ್ಚ್ ಬಿಟ್ಟು ದೇವರನ್ನು ಹುಡುಕಿದ ಹಾಗಾಯಿತು.

ಹಡಗು ಹತ್ತಿದ ತಕ್ಷಣ ನಾವಿಬ್ಬರೂ ನಮ್ಮ ಹಳೆಯ ವಿದ್ಯೆಗೆ ಇಳಿದೆವು. ಈಜುಕೊಳದ ಅಂತಸ್ತು ನಮಗಲ್ಲ. ಜಾರುಬಂಡೆಯ ಕಡೆ ಹೋಗುವುದಿಲ್ಲ. ಲಿಫ್ಟಿನಲ್ಲಿ ಮಗುವಿದ್ದರೆ ಮುಂದಿನ ಲಿಫ್ಟು. ಊಟಕ್ಕೆ ಎರಡು ಪಂಕ್ತಿ. ಮಕ್ಕಳಿರುವವರು ಮೊದಲನೆಯದಕ್ಕೆ ಹೋಗುತ್ತಾರೆ ಎಂದು ನಾವು ಎರಡನೆಯದನ್ನು ಕೇಳಿ ಪಡೆದೆವು. ನಾಲ್ಕು ಜನರ ಮೇಜು. ಹೋಗಿ ನೋಡಿದರೆ ಎದುರಿಗೆ ಒಬ್ಬ ಹುಡುಗಿ, ಅವಳ ಪಕ್ಕದಲ್ಲಿ ದಿಂಬಿನ ಮೇಲೆ ಕೂತ ಒಂದು ಮಗು. ಮಧ್ಯಾಹ್ನ ಚೆನ್ನಾಗಿ ನಿದ್ದೆ ಹೊಡೆದು ಎದ್ದು, ಕಣ್ಣು ಇಷ್ಟಗಲ ಬಿಟ್ಟುಕೊಂಡು ಕೂತಿದೆ.

"ಅನ್ವಿ, ಚಮಚ ಬಾಯಿಗೆ ಹಾಕು, ಕಣ್ಣಿಗಲ್ಲ" ಎಂದು ಆ ಹುಡುಗಿ ಕನ್ನಡದಲ್ಲಿ ಗದರಿದಳು. ಇವರು ಕುರ್ಚಿಯನ್ನೇ ಮುಂದಕ್ಕೆ ಎಳೆದುಕೊಂಡು, "ಯಾವೂರಮ್ಮ?" ಅಂದರು. ಚೆನ್ನೈಯಲ್ಲಿ ಮೂವತ್ತು ವರ್ಷ ಇದ್ದ ಕನ್ನಡದವರನ್ನು ಆ ಒಂದು ಪ್ರಶ್ನೆಯಿಂದ ತಡೆಯಲು ಯಾವ ದೇವರಿಗೂ ಆಗುವುದಿಲ್ಲ.

ಹೆಸರು ಶ್ರುತಿ. ಹಾಸನದ ಕಡೆಯವಳು. ಗಂಡನಿಗೆ ಬ್ಯಾಂಕಿನಲ್ಲಿ ಕೆಲಸ, ಚೆನ್ನೈಗೆ ವರ್ಗವಾಗಿ ವೇಳಚ್ಚೇರಿಯಲ್ಲಿ ಮನೆ ಮಾಡಿದ್ದಾರೆ. ಹಡಗು ಹತ್ತುವ ಆಸೆಯೆಲ್ಲ ಗಂಡನದ್ದೇ. ಹಡಗು ಬಂದರು ದಾಟುತ್ತಲೇ ವಾಂತಿ ಶುರುವಾಗಿ ಅವನು ಹಾಸಿಗೆ ಹಿಡಿದಿದ್ದಾನೆ. "ಮೊಸರನ್ನದ ಹೆಸರು ಹೇಳಿದ್ರೂ ಗೋಡೆ ಕಡೆ ತಿರುಗ್ತಾರೆ ಅಂಕಲ್" ಎಂದು ನಕ್ಕಳು. ಮಗು ನನ್ನನ್ನೇ ನೋಡುತ್ತಿತ್ತು. ನಾನು ಸಾರಿನ ಬಟ್ಟಲನ್ನು ನೋಡುತ್ತಿದ್ದೆ. "ಅಮ್ಮಾ, ಅಂದ ಆಂಟಿ ಮೂಕ್ಕುಲ ಸ್ಟಾರ್ ಇರುಕ್ಕು" ಎಂದಿತು, ನನ್ನ ಮೂಗುಬೊಟ್ಟು ಕಂಡು. "ಕನ್ನಡದಲ್ಲಿ ಹೇಳೇ" ಎಂದು ತಾಯಿ ಅಂದರೆ, ಅದು ಯೋಚಿಸಿ, "ಆಂಟಿ ಸ್ಟಾರ್" ಎಂದು ಅನುವಾದ ಮಾಡಿತು. ಇವರು ಮೇಜು ಬಡಿದು ನಕ್ಕರು. ನಾನು ಮೊಸರು ತರುತ್ತೇನೆಂದು ಎದ್ದು ಹೋದೆ. ಮೊಸರು ಬಹಳ ದೂರದಲ್ಲಿತ್ತು, ಅದೂ ಒಂದು ಉಪಕಾರವೇ. ಹುಡುಕಿಕೊಂಡು ಬರುವಷ್ಟರಲ್ಲಿ ಅವರ ಊಟ ಮುಗಿದಿತ್ತು.

ಆಮೇಲೆ ನಾನು ಅವರಿಂದ ತಪ್ಪಿಸಿಕೊಂಡೇ ಇದ್ದೆ. ಬಾಗಿಲು ತೆರೆಯುವ ಮುಂಚೆ ಕಿವಿಯಿಟ್ಟು ಕೇಳುತ್ತಿದ್ದೆ. ಇವರು ಮಾತ್ರ "ಒಂದು ಸುತ್ತು ಹೋಗ್ಬರ್ತೀನಿ" ಎಂದು ಹೊರಟರೆ ಹಡಗಿಗೆ ಹತ್ತು ಸುತ್ತು ಹಾಕುವಷ್ಟು ಹೊತ್ತು ಬರುತ್ತಿರಲಿಲ್ಲ. ಬಟ್ಟೆ ಮಡಿಸುವಾಗ ಅಂಗಿ ಜೇಬಿನಲ್ಲಿ ಅರ್ಧ ಕರಗಿದ ಒಂದು ಚಾಕಲೇಟು, ಊಟದ ಮನೆಯ ಕಾಗದದ ಕರವಸ್ತ್ರದಲ್ಲಿ ಮಡಿಸಿದ ಒಂದು ದೋಣಿ ಸಿಕ್ಕವು.

"ಸಕ್ಕರೆ ಕಾಯಿಲೆಯವರಿಗೆ ಚಾಕಲೇಟ್ ಯಾಕೆ?" ಅಂದೆ.

"ಇಟ್ಟಿರ್ಲಿ ಅಂತ" ಅಂದರು.

"ದೋಣಿ?"

"ಹಡಗು ಮುಳುಗಿದ್ರೆ ಬೇಕಾಗತ್ತೆ" ಅಂದರು.

ನಾನು ದೋಣಿಯನ್ನು ಕನ್ನಡಿಯ ಮುಂದೆ ಇಟ್ಟೆ.

ವಾಪಸು ಬರುವ ಹಿಂದಿನ ದಿನ ಬೆಳಿಗ್ಗೆ ಯಾರೋ ಬಾಗಿಲು ತಟ್ಟಿದರು. ಹಾಸಿಗೆ ಸರಿಮಾಡುವವರು ಎಂದುಕೊಂಡು ಕಿವಿಯಿಡದೆ ತೆರೆದೆ. ಶ್ರುತಿ ನಿಂತಿದ್ದಳು. ಒಂದು ಕೈಯಲ್ಲಿ ಸ್ಟೀಲ್ ತಟ್ಟೆ, ಇನ್ನೊಂದು ಕೈಯ ಬೆರಳೆಲ್ಲ ಅರಿಶಿನ.

"ಆಂಟಿ, ಅಂಕಲ್ ಎಲೆ ಅಡಿಕೆ ಹಾಕ್ತಾರಲ್ಲ, ಒಂಚೂರು ಸುಣ್ಣ ಕೊಡ್ತೀರಾ? ಇವತ್ತು ಅನ್ವಿ ಜನ್ಮನಕ್ಷತ್ರ. ದೀಪ ಹಚ್ಚೋಕೆ ಬಿಡಲ್ಲ ಅಂತ ಗೊತ್ತಿತ್ತು, ಅದಕ್ಕೇ ಕೆಂಪು ಆರತಿ ಮಾಡೋಣ ಅಂತ ಅರಿಶಿನ ತಂದೆ. ಸುಣ್ಣಾನೇ ಮರ್ತಿದೀನಿ."

"ಅದಕ್ಕೇನಮ್ಮ, ತಗೋ" ಎಂದು ಡಬ್ಬಿ ತೆಗೆದುಕೊಟ್ಟೆ. ಅವಳು ಅದೇ ಬೆರಳನ್ನು ಅದ್ದಿ ತಟ್ಟೆಯ ನೀರಿಗೆ ಕದಡಿದಳು. ಹಳದಿ ನೀರು ನೋಡನೋಡುತ್ತ ಕೆಂಪಾಯಿತು.

ಇದನ್ನು ನಾನು ಎಷ್ಟು ವರ್ಷದ ಮೇಲೆ ಅಷ್ಟು ಹತ್ತಿರದಿಂದ ನೋಡಿದ್ದೆನೋ. ಶ್ರೀರಂಗಪಟ್ಟಣದ ನಮ್ಮ ಮನೆಯಲ್ಲಿ ಯಾರ ಹುಟ್ಟುಹಬ್ಬವಾದರೂ ನಮ್ಮಜ್ಜಿ ಓಕುಳಿ ನೀರು ಕದಡುವಾಗ ನಾನೂ ನನ್ನ ತಂಗಿಯೂ ಬೆರಳು ಹಾಕಲು ಹೊಡೆದಾಡುತ್ತಿದ್ದೆವು. ಬಣ್ಣ ತಿರುಗುವ ಗಳಿಗೆಯಲ್ಲಿ ಯಾರ ಬೆರಳು ನೀರಿನಲ್ಲಿರುತ್ತದೋ ಅವರು ಬೇಡಿದ್ದು ಆಗುತ್ತದೆ ಎಂದು ನಾವೇ ಕಟ್ಟಿಕೊಂಡ ನಂಬಿಕೆ. ತಂಗಿ ಒಮ್ಮೆ ಸೈಕಲ್ ಬೇಡಿ ಪಡೆದಳು. ನಾನು ಪ್ರತಿ ಸಲವೂ ಬೇಡುವುದೇನೆಂದು ಯೋಚಿಸುತ್ತಿರುವಾಗಲೇ ನೀರು ಕೆಂಪಾಗಿಬಿಡುತ್ತಿತ್ತು. ಆರತಿಯಾದ ಮೇಲೆ ಅಜ್ಜಿ ಆ ನೀರಲ್ಲಿ ಬೆರಳದ್ದಿ ನಮ್ಮ ಹಣೆಗೆ ಇಡುತ್ತಿದ್ದಳು. ಅದು ಒಣಗಿ ಬಿಗಿಯುವವರೆಗೂ ಹುಬ್ಬು ಅಲ್ಲಾಡಿಸದೆ ಶಾಲೆಯಲ್ಲಿ ಕೂರುತ್ತಿದ್ದೆ.

"ನೀವೂ ಬನ್ನಿ ಆಂಟಿ" ಎಂದಳು ಶ್ರುತಿ. "ನಾನೊಬ್ಬಳೇ ಹೇಗೆ ಎತ್ತಲಿ? ಇನ್ನೊಂದು ಕೈ ಬೇಕಲ್ಲ."

ನಿಮಗೆ ಗೊತ್ತೇ ಇದೆ, ನಮ್ಮ ಕಡೆ ಆರತಿ ತಟ್ಟೆಯನ್ನು ಒಬ್ಬರೇ ಹಿಡಿಯುವುದಿಲ್ಲ. ಈ ಬದಿಗೊಬ್ಬಳು, ಆ ಬದಿಗೊಬ್ಬಳು. "ಇನ್ನೊಬ್ಬರು ಬನ್ನಿ, ಇನ್ನೊಬ್ಬರು ಬನ್ನಿ" ಎಂದು ಯಾರಾದರೂ ಕೂಗುವುದು, ಸೆರಗು ಸರಿಮಾಡಿಕೊಂಡು ಯಾರಾದರೂ ಮುಂದೆ ಬರುವುದು. ನನ್ನ ಓರಗಿತ್ತಿಯ ಮೊದಲ ಮಗುವಿನ ನಾಮಕರಣದ ದಿನ ಹಾಗೆ ಕೂಗಿದಾಗ ನಾನು ಮುಂದೆ ಬಂದಿದ್ದೆ. ಮದುವೆಯಾಗಿ ಆಗಲೇ ಕೆಲವು ವರ್ಷ. ತಟ್ಟೆಗೆ ಕೈ ಹಾಕಿದ್ದೆ. ನಮ್ಮ ಸೋದರತ್ತೆ, ಒಳ್ಳೆಯವರೇ, ನನ್ನ ಮೇಲೆ ಪ್ರೀತಿ ಇದ್ದವರೇ, ತಟ್ಟೆಯನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡು, "ನೀನು ಒಳಗೆ ಹೋಗಿ ಪಾನಕಕ್ಕೆ ನೀರು ಸಾಕಾ ನೋಡಮ್ಮ" ಅಂದರು. ನೋಡಿದೆ. ನೀರು ಸಾಕಷ್ಟಿತ್ತು. ಅವತ್ತಿನಿಂದ ಯಾರ ಮನೆಯಲ್ಲಿ ಆರತಿ ಎಂದರೂ ನಾನು ಪಾನಕಕ್ಕೆ ನೀರು ನೋಡಲು ಒಳಗೆ ಹೋಗಿಬಿಡುತ್ತೇನೆ. ಯಾರೂ ಮತ್ತೆ ಹೇಳಬೇಕಾಗಲಿಲ್ಲ. ಅಷ್ಟರಮಟ್ಟಿಗೆ ನಾನು ಜಾಣೆ.

ಹಾಗಾಗಿ, ಈ ಹುಡುಗಿಗೆ ಗೊತ್ತಿಲ್ಲ ಎಂದೇ ನನ್ನ ತಲೆಗೆ ಮೊದಲು ಬಂದದ್ದು. ಗೊತ್ತಿಲ್ಲದೆ ಕರೆಯುತ್ತಿದ್ದಾಳೆ. ಹೋದರೆ ಮಗುವಿಗೆ ಒಳ್ಳೆಯದಲ್ಲ. ಹೇಳಿಬಿಟ್ಟರೆ ಅವಳ ಮುಖ ಹೇಗೆ ಬದಲಾದೀತೋ, ಅದನ್ನು ನೋಡುವ ಶಕ್ತಿ ನನಗಿಲ್ಲ.

"ನನಗೆ ತಲೆ ಸುತ್ತು ಕಣಮ್ಮ" ಅಂದೆ. "ಈ ಹಡಗು ತೂಗೋದಕ್ಕೆ ನಿಲ್ಲೋಕೇ ಆಗ್ತಿಲ್ಲ."

ಸಮುದ್ರ ಅವತ್ತು ನಮ್ಮೂರ ಕಲ್ಯಾಣಿಯ ಹಾಗೆ ಮಲಗಿತ್ತು. ಮೇಜಿನ ಮೇಲೆ ತುಂಬಿಸಿಟ್ಟ ಲೋಟದ ನೀರು ಕದಲಿರಲಿಲ್ಲ. ಅವಳು ಆ ಲೋಟ ನೋಡಿದಳೋ ಇಲ್ಲವೋ. "ಅಯ್ಯೋ, ಮಲಗಿ ಆಂಟಿ. ನಿಂಬೆಹಣ್ಣು ತಂದ್ಕೊಡ್ಲಾ? ಇವರಿಗೇಂತ ತಂದಿದ್ದು ಇದೆ" ಎಂದಳು. ಬೇಡ ಅಂದೆ. ತಟ್ಟೆಯ ನೀರು ತುಳುಕದ ಹಾಗೆ ಮೆಲ್ಲಗೆ ನಡೆದು ಹೋದಳು.

ಇವರು ಒಳಗೆ ಹಾಸಿಗೆಯ ಮೇಲೆ ಕೂತು ಎಲ್ಲವನ್ನೂ ಕೇಳುತ್ತಿದ್ದರು. ಎದ್ದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡರು. "ಒಂದು ಸುತ್ತು ಹೋಗ್ಬರ್ತೀನಿ" ಅಂದರು.

ನಾನು ಜಪಕ್ಕೆ ಕೂತೆ. ಮಣಿ ಮುಂದಕ್ಕೆ ಹೋಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನಾನೂ ಹೊರಗೆ ಬಂದೆ. ತಲೆ ಸುತ್ತುತ್ತದೆ ಎಂದವಳು ಯಾರಿಗೂ ಕಾಣಬಾರದೆಂದು ಲಿಫ್ಟು ಬಿಟ್ಟು ಮೆಟ್ಟಿಲು ಇಳಿದೆ. ಊಟದ ಮನೆಯ ಹೊರಗೆ ಗಾಜಿನ ಗೋಡೆಯ ಒಂದು ಕೂರುವ ಜಾಗವಿದೆ. ಅದರ ಎದುರಿಗೆ ದಪ್ಪ ಕಂಬ. ಕಂಬದ ಹಿಂದೆ ನಿಂತು ನೋಡಿದೆ.

ಅನ್ವಿ ಹಸಿರು ಲಂಗ ಹಾಕಿಕೊಂಡು ಕುರ್ಚಿಯ ಮೇಲೆ ಕಾಲು ಮಡಿಸಿ ಕೂತಿದ್ದಳು. ತಟ್ಟೆಯ ಈ ಬದಿ ಹಿಡಿದವಳು ಶ್ರುತಿ. ಆ ಬದಿಯನ್ನು ನಮ್ಮ ಮನೆಯವರು ಹಿಡಿದಿದ್ದರು. ಗಂಡಸರು ಆರತಿ ಎತ್ತಿದ್ದನ್ನು ನಾನು ಎಲ್ಲೂ ಕಂಡಿಲ್ಲ. ಇವರೂ ಕಂಡಿಲ್ಲ ಎಂಬುದು ನೋಡಿದರೇ ಗೊತ್ತಾಗುತ್ತಿತ್ತು. ಅವಳು ಬಲಕ್ಕೆ ತಿರುಗಿಸಿದರೆ ಇವರು ಎಡಕ್ಕೆ ಎಳೆಯುತ್ತಾರೆ. ಕೆಂಪು ನೀರು ಇಸ್ತ್ರಿ ಅಂಗಿಯ ಮೇಲೂ ಹಡಗಿನವರ ರತ್ನಗಂಬಳಿಯ ಮೇಲೂ ತುಳುಕಿತು.

"ತಾತಾ, ರಾಂಗ್ ಸೈಡ್" ಎಂದು ಮಗು ನಗುತ್ತಿತ್ತು.

ಇವರು ಯಾವಾಗ ತಾತ ಆದರೋ ನನಗೆ ತಿಳಿಯದು. ನಾನು ಇನ್ನೂ ಆಂಟಿ. ಕಂಬದಿಂದ ಆ ತಟ್ಟೆಗೆ ಎಷ್ಟು ದೂರ, ನಾಲ್ಕು ಮಾರು ಇದ್ದೀತು. ಹೋಗಿ ಇವರ ಕೈಯಿಂದ ತೆಗೆದುಕೊಂಡಿದ್ದರೆ ಇವರಿಗೆ ಉಸಿರು ಬರುತ್ತಿತ್ತು. ಹೋಗಲಿಲ್ಲ. ಹಡಗಿನಲ್ಲಿ ನೀರು ಸಾಕಾ ಎಂದು ನೋಡಲು ನನಗೊಂದು ಅಡುಗೆಮನೆ ಇರಲಿಲ್ಲ, ಇದ್ದಿದ್ದರೆ ಖಂಡಿತ ಅಲ್ಲಿಗೆ ಹೋಗುತ್ತಿದ್ದೆ. ಬಂದ ಮೆಟ್ಟಿಲನ್ನೇ ಹತ್ತಿ ವಾಪಸು ಹೋಗಿ, ಹೊದಿಕೆ ಎಳೆದುಕೊಂಡು, ತಲೆ ಸುತ್ತುವವರು ಮಲಗುವ ಹಾಗೆ ಮಲಗಿದೆ. ಇವರು ಬಂದು ಅಂಗಿಯನ್ನು ತಾವೇ ನೆನೆಸಿದರು.

ಮಾರನೆಯ ದಿನ ಬಂದರಿನಲ್ಲಿ ಇಳಿಯುವಾಗ ನೂಕುನುಗ್ಗಲು. ಇವರು ಅಡಕತ್ತರಿ ಬಿಡಿಸಿಕೊಳ್ಳಲು ಹೋಗಿದ್ದರು. ನಾನು ಚೀಲಗಳ ಕಾವಲಿಗೆ ನಿಂತಿದ್ದೆ. ಯಾರೋ ಸೆರಗು ಎಳೆದರು. ಹಣೆಯ ಮೇಲೆ ಇನ್ನೂ ಅಳಿಸದ ಕೆಂಪು ಚುಕ್ಕೆ.

"ಆಂಟಿ, ನೀಂಗ ಏನ್ ಆರತಿಕ್ಕು ವರಲೆ?"

ಯಾಕೆ ಬರಲಿಲ್ಲ ಎಂದು. ನಾನು ಬಗ್ಗಿ ಅವಳ ಮುಖ ನೋಡಿದೆ. ಅಷ್ಟು ದಿನದಲ್ಲಿ ಮೊದಲ ಸಲ. ಮೇಲಿನ ಹಲ್ಲಿನ ಸಾಲಿನಲ್ಲಿ ಒಂದು ಸಣ್ಣ ಸಂದಿ ಇತ್ತು. ಅಷ್ಟರಲ್ಲಿ ದೂರದಿಂದ ಶ್ರುತಿ ಕರೆದಳು. ಅವಳ ಗಂಡ ನೆಲ ಸಿಕ್ಕಿದ ಸಂತೋಷಕ್ಕೆ ಅಲ್ಲೇ ಕೂತುಬಿಟ್ಟಿದ್ದ. ಮಗು ಓಡಿತು. ಶ್ರುತಿ ಕೈ ಬೀಸಿದಳು, ನಾನೂ ಬೀಸಿದೆ.

ಆಟೋ ತ್ರಿಪ್ಲಿಕೇನ್ ದಾಟಿತು. ಆಮೇಲೆ ನಾನೇ ಅಂದೆ, "ಪಾಪ ಆ ಹುಡುಗಿಗೆ ಗೊತ್ತಿರಲಿಲ್ಲ ರೀ. ಗೊತ್ತಿದ್ದಿದ್ರೆ ನನ್ನ ಕರೀತಿರಲಿಲ್ಲ."

"ಗೊತ್ತಿತ್ತು" ಅಂದರು ಇವರು, ರಸ್ತೆ ನೋಡುತ್ತ.

"ಏನು ಗೊತ್ತಿತ್ತು?"

"ಮೊದಲನೇ ದಿನ ಊಟದಲ್ಲಿ ನೀನು ಮೊಸರು ತರೋಕೆ ಎದ್ದು ಹೋದ್ಯಲ್ಲ, ಆಗ ಕೇಳಿದ್ಲು. ನಮಗೆ ಮಕ್ಕಳಿಲ್ಲಮ್ಮ ಅಂತ ಹೇಳ್ದೆ."

ಆಟೋ ಒಂದು ಬಸ್ಸಿನ ಹಿಂದೆ ಸಿಕ್ಕಿ ನಿಂತಿತು. "ಅದಕ್ಕೆ ಏನಂದ್ಲು?" ಎಂದು ಕೇಳಿದೆ.

ಇವರು ಸ್ವಲ್ಪ ನೆನಪು ಮಾಡಿಕೊಂಡರು. "ಏನೂ ಅನ್ನಲಿಲ್ಲ. ಆಂಟಿಗೆ ಇನ್ನೂ ಮೊಸರು ಸಿಕ್ಕಿಲ್ಲ ಅನ್ಸತ್ತೆ, ಹೋಗಿ ನೋಡ್ಲಾ ಅಂದ್ಲು."

ಅಷ್ಟೇ. ಗೊತ್ತಿದ್ದೂ ಕರೆದಿದ್ದಳು. ಅಷ್ಟು ವರ್ಷ ಪಾನಕದ ನೀರು ನೋಡಿದವಳನ್ನು, ಲೋಕದಲ್ಲಿ ಒಬ್ಬಳು, ಎಲ್ಲ ಗೊತ್ತಿದ್ದೂ ಬಾಗಿಲು ತಟ್ಟಿ ಕರೆದಳು. ಅವತ್ತೇ ನನಗೆ ತಲೆ ಸುತ್ತಬೇಕಿತ್ತು. ಅವತ್ತು ಸಂಜೆ ಮನೆಯಲ್ಲಿ ನಿಜವಾದ ಎಣ್ಣೆಯ ದೀಪ ಹಚ್ಚಿ ದೇವರ ಮುಂದೆ ಕೂತಾಗ ಇದನ್ನು ಉಪಕಾರಗಳಲ್ಲಿ ಸೇರಿಸಿ ಹೇಳಲೋ ಬೇಡವೋ ತಿಳಿಯಲಿಲ್ಲ. ಕೊಟ್ಟದ್ದು ಹೌದು. ತೆಗೆದುಕೊಂಡಿರಲಿಲ್ಲ. ಅಂಥದಕ್ಕೆ ಹೇಗೆ ಕೈಮುಗಿಯುವುದೋ ನನಗೆ ಯಾರೂ ಹೇಳಿಕೊಟ್ಟಿಲ್ಲ.

ಅವರ ಫೋನ್ ನಂಬರು ನಾನು ಕೇಳಿರಲಿಲ್ಲ. ಇವರಾದರೂ ತೆಗೆದುಕೊಂಡಿರಬಹುದು ಎಂದು ಆಸೆಯಿತ್ತು. "ನಿನಗೆ ಇಷ್ಟ ಆಗಲ್ಲ ಅಂತ ತಗೊಳ್ಳಲಿಲ್ಲ" ಅಂದರು. ವೇಳಚ್ಚೇರಿ ದೊಡ್ಡ ಜಾಗ. ಒಂದೆರಡು ಸಲ ತರಕಾರಿಯ ನೆಪ ಮಾಡಿಕೊಂಡು ರೈಲು ಹತ್ತಿ ಹೋಗಿ ಬಂದೆ. ವೆಸ್ಟ್ ಮಾಂಬಲಂನಲ್ಲಿ ಸಿಗದ ತರಕಾರಿ ವೇಳಚ್ಚೇರಿಯಲ್ಲಿ ಏನು ಸಿಗುತ್ತದೆ ಎಂದು ಇವರು ಕೇಳಲಿಲ್ಲ.

ಹೋದ ವಾರ ಬಾಲ್ಕನಿಗೆ ಚೆಂಡು ಬಿತ್ತು. ಇವರು ಮನೆಯಲ್ಲಿರಲಿಲ್ಲ. ಎತ್ತಿಕೊಂಡು ಕೆಳಗೆ ನೋಡಿದೆ. ಎದುರು ಮನೆಯ ಹುಡುಗ ನಿಂತಿದ್ದ, ಅವನ ಹಿಂದೆ ಇನ್ನಿಬ್ಬರು. "ಮೇಲೆ ಬಾ ಕಣ್ಣಾ, ಕೊಡ್ತೀನಿ" ಎಂದು ಕೂಗಿದೆ. ಡಬ್ಬದಲ್ಲಿ ಆವತ್ತೇ ಕರಿದ ಚಕ್ಕುಲಿ ಇತ್ತು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಪರವಾಲ್ಲೆ ಆಂಟಿ, ಅಂಗೇಂದೇ ಪೋಡುಂಗೋ" ಎಂದ ಆ ಹುಡುಗ. ಪರವಾಗಿಲ್ಲ, ಅಲ್ಲಿಂದಲೇ ಹಾಕಿ ಎಂದು. ಬಹಳ ಮರ್ಯಾದೆಯಿಂದಲೇ ಹೇಳಿದ. ಹಾಕಿದೆ. ಎಸೆದು ಅಭ್ಯಾಸವಿಲ್ಲ, ಪಕ್ಕದ ಕಾಂಪೌಂಡಿಗೆ ಬಿತ್ತು. ಅವರೆಲ್ಲ ಆ ಕಡೆ ಓಡಿದರು.

ಸುಣ್ಣ ಒಣಗುವ ಪದಾರ್ಥ. ಹಾಗೇ ಬಿಟ್ಟರೆ ಕೆಂಪು ಮಾಸಿ ಇಟ್ಟಿಗೆ ಪುಡಿಯ ಬಣ್ಣಕ್ಕೆ ತಿರುಗುತ್ತದೆ. ಅದಕ್ಕೇ ಸ್ನಾನ ಮಾಡಿ ಬಂದು ದೇವರಿಗೆ ನೀರಿಟ್ಟ ಮೇಲೆ, ಉದ್ಧರಣೆ ಚಮಚದಲ್ಲಿ ಉಳಿದ ಒಂದು ಹನಿಯನ್ನು ಆ ಅಂಚಿಗೆ ಬಿಡುತ್ತೇನೆ. ಬಣ್ಣ ಮತ್ತೆ ಎದ್ದು ಬರುತ್ತದೆ. ಇವತ್ತೂ ಬಿಟ್ಟೆ. ಇವರು ತಿಂಡಿ ಮುಗಿಸಿ ತಟ್ಟೆ ಎಳೆದುಕೊಂಡು, ಎಲೆಯ ತೊಟ್ಟು ಮುರಿದು, ಡಬ್ಬಿಯ ಮುಚ್ಚಳ ತಿರುಗಿಸಿದರು. ಒಳಗೆ ಒಂದು ಗಳಿಗೆ ನೋಡಿದರು. ಆಮೇಲೆ ಡಬ್ಬಿಯನ್ನು ಬೆರಳಲ್ಲಿ ಅರ್ಧ ಸುತ್ತು ತಿರುಗಿಸಿ, ಬಿಳಿಯ ಕಡೆಯಿಂದ ಸುಣ್ಣ ತೆಗೆದು ಎಲೆಗೆ ಸವರಿಕೊಂಡರು.